ಯಾವ ಐ5 ಅಂತ ಪೂರ್ತಿ ನಂಬರ್ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಜಾಹೀರಾತು ನೋಡಿದೆ. ‘ಐ5 ಗೇಮಿಂಗ್ ಕಂಪ್ಯೂಟರ್, 8 ಜಿಬಿ ರ‍್ಯಾಮ್, 14,999 ರೂಪಾಯಿ ಮಾತ್ರ’ ಅಂತ ಇತ್ತು. ಐ5 ಅಂದರೆ ಇಂಟೆಲ್ ಕಂಪನಿಯ ಒಂದು ಸಾಲಿನ ಪ್ರೊಸೆಸರ್, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಚಿಪ್. ಯಾವ ಐ5 ಅಂತ ಎಲ್ಲೂ ಇರಲಿಲ್ಲ. ಓದಿದ ದಿನವೇ ಈ ಪತ್ರ ಬರೆಯಲು ಕೂತೆ. ಲಗ್ನದ ಸೀಸನ್ ಆದ್ದರಿಂದ ಮುಗಿಸಲು ಎಂಟು ದಿನ ಹಿಡಿಯಿತು. ಪತ್ರ ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ನಾನು ಗದಗಿನ ಮುಳಗುಂದ ನಾಕಾದ ಹತ್ತಿರ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಶಾಲೆಗಳ ಸ್ಮರಣ ಸಂಚಿಕೆ, ಇವೇ ನನ್ನ ಕೆಲಸ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿರುವುದು ನಿಮಗೆ ಗೊತ್ತೇ ಇದೆ. ನಮ್ಮ ಅಪ್ಪ ಇಲ್ಲಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ನಾನು ಅದೇ ಕೆಲಸವನ್ನು ಕೀಬೋರ್ಡಿನಲ್ಲಿ ಮಾಡುತ್ತೇನೆ. ಮಗಳು ಬಿಸಿಎ ಕೊನೆಯ ವರ್ಷ ಓದುತ್ತಿದ್ದಾಳೆ. ಹಗಲು ಕಂಪ್ಯೂಟರ್ ನನ್ನದು. ರಾತ್ರಿ ಒಂಬತ್ತರ ಮೇಲೆ ಅವಳದು. ಅವಳು ಕೌಂಟರ್ ಸ್ಟ್ರೈಕ್ 2 ಎಂಬ ಗುಂಡು ಹಾರಿಸುವ ಆಟ ಆಡುತ್ತಾಳೆ.

ಆಟ ಅಂದ ಕೂಡಲೇ ಓದುಗರಲ್ಲಿ ಕೆಲವರು ಮುಖ ಸಿಂಡರಿಸಬಹುದು. ಅವರಿಗೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಮೇಲೆ ಕಾಯ್ದೆ ಮಾಡಿತಲ್ಲ, ಅದು ತಡೆದದ್ದು ಹಣ ಕಟ್ಟಿ ಆಡುವ ಆಟಗಳನ್ನು. ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ನನ್ನ ಮಗಳು ಹಣ ಕಟ್ಟುವುದಿಲ್ಲ. ಐದು ಜನರ ತಂಡ ಕಟ್ಟಿಕೊಂಡು ಆಡುತ್ತಾಳೆ. ಹನ್ನೊಂದಕ್ಕೆ ಎದ್ದು ಮಲಗುತ್ತಾಳೆ. ನಾನು ಅವಳ ವಯಸ್ಸಿನಲ್ಲಿ ಖೋ ಖೋ ಆಡುತ್ತಿದ್ದೆ. ಅದು ನನಗೆ ಎಷ್ಟು ಬೇಕಾಗಿತ್ತೋ ಇದು ಅವಳಿಗೆ ಅಷ್ಟೇ ಬೇಕು.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಕಂಪ್ಯೂಟರ್ 2019ರಲ್ಲಿ ಜೋಡಿಸಿದ್ದು. ಪ್ರೊಸೆಸರ್ ಎಎಂಡಿ ಕಂಪನಿಯ ರೈಜನ್ 3 2200ಜಿ. ಮದರ್‌ಬೋರ್ಡ್ (ಬೇರೆ ಭಾಗಗಳೆಲ್ಲ ಕೂರುವ ಹಲಗೆ) ಬಿ450 ಚಿಪ್‌ಸೆಟ್‌ದು. 8 ಜಿಬಿ ರ‍್ಯಾಮ್ ಒಂದೇ ಪಟ್ಟಿ. ಎರಡು ವರ್ಷದ ಹಿಂದೆ ಮಗಳು ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಪರದೆಗೆ ಚಿತ್ರ ಬಿಡಿಸಿ ಕೊಡುವ ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದಳು. ಜಿಟಿಎಕ್ಸ್ 1660 ಸೂಪರ್. ಕಾರ್ಡ್ ಹಾಕಿದರೂ ಆಟ ಸರಿ ಹೋಗಲಿಲ್ಲ. ಒಂದು ರಾತ್ರಿ ಅವಳ ಹಿಂದೆ ನಿಂತು ನಾನೇ ನೋಡಿದೆ. ಎದುರಾಳಿ ಬಾಗಿಲ ಹತ್ತಿರ ಬಂದ. ಪರದೆ ಗಕ್ಕನೆ ನಿಂತಿತು. ಮತ್ತೆ ಚಿತ್ರ ಚಲಿಸುವಷ್ಟರಲ್ಲಿ ಇವಳು ಸತ್ತು ಬಿದ್ದಿದ್ದಳು. ‘ನೋಡಿದೇನವ್ವಾ, ನಾ ಒತ್ತಿದ್ದೆ, ಅದು ತಗೊಳ್ಳಲಿಲ್ಲ’ ಅಂದಳು. ಕಣ್ಣಲ್ಲಿ ನೀರಿತ್ತು.

ಅದರ ಮೇಲೆ ಇನ್ನೊಂದು ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಕಂಪನಿಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ನಮ್ಮ ಪ್ರೊಸೆಸರ್ ನಡೆಯುವುದಿಲ್ಲ ಅಂತ ಪರದೆ ಮೇಲೆ ಬಂತು. ನನ್ನ ಗಿರಾಕಿಗಳ ಫೈಲುಗಳೆಲ್ಲ ಇದರಲ್ಲೇ ಇವೆ. ಹಾಗೇ ಬಿಡುವ ಹಾಗಿರಲಿಲ್ಲ.

ಹುಬ್ಬಳ್ಳಿಗೆ ಹೋದೆವು. ಗದಗದಿಂದ ಬಸ್ಸಿಗೆ ಒಂದೂವರೆ ತಾಸು. ಅಂಗಡಿಯ ಹೆಸರು ಬೇಡ. ನನಗೆ ಯಾರ ಮೇಲೂ ಹಗೆ ಇಲ್ಲ. ಕೌಂಟರಿನಲ್ಲಿದ್ದ ಹುಡುಗ ನಮ್ಮ ಮಾತು ಅರ್ಧ ಕೇಳಿ, ‘ಇದಕ್ಕ ಈಗ ಏನೂ ಬರಂಗಿಲ್ರೀ ಅಕ್ಕಾರ, ಪೂರ್ತಿ ಸಿಸ್ಟಂ ಬದಲಿ ಮಾಡ್ರಿ’ ಅಂದ. ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದುಕೊಟ್ಟ. ‘ಐ5, 16 ಜಿಬಿ, 512 ಎಸ್‌ಎಸ್‌ಡಿ, 52,000.’ ಹಳೆಯದನ್ನು ಕೊಟ್ಟರೆ 4,000 ಕಳೆಯುತ್ತೇವೆ ಅಂದ. ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ನಮ್ಮದೇ ಹಾಕಿಕೊಳ್ಳಬೇಕು.

ನಾನು ಒಪ್ಪುವುದರಲ್ಲಿದ್ದೆ. ಮುಂಗಡ ಕೊಡಲು ಪರ್ಸ್ ತೆಗೆದಿದ್ದೆ. ಆಗ ಮಗಳು ಒಂದೇ ಪ್ರಶ್ನೆ ಕೇಳಿದಳು. ‘ಅಣ್ಣಾ, ಯಾವ ಐ5? ಪೂರ್ತಿ ನಂಬರ್ ಹೇಳ್ರಿ.’ ಅವನು ಒಳಗೆ ಹೋಗಿ ಕೇಳಿಕೊಂಡು ಬಂದ. 10400 ಅಂದ.

ಐ5 10400 ಅಂದರೆ 2020ರಲ್ಲಿ ಬಂದದ್ದು. ಹತ್ತನೇ ಪೀಳಿಗೆ. ಅದು ಕೂರುವ ಸಾಕೆಟ್‌ಗೆ ಹತ್ತು ಮತ್ತು ಹನ್ನೊಂದನೇ ಪೀಳಿಗೆ ಬಿಟ್ಟರೆ ಮುಂದೆ ಏನೂ ಬರಲಿಲ್ಲ. 2025ರಲ್ಲಿ 52,000 ಕೊಟ್ಟು ಐದು ವರ್ಷ ಹಳೆಯ ಪ್ರೊಸೆಸರ್, ಮುಂದೆ ದಾರಿ ಇಲ್ಲದ ಬೋರ್ಡ್ ಮನೆಗೆ ತರುತ್ತಿದ್ದೆವು. ಪರ್ಸ್ ಒಳಗಿಟ್ಟೆ.

ಬಸ್ಸಿನಲ್ಲಿ ವಾಪಸು ಬರುವಾಗ ಮಗಳು ನನಗೆ ಎಲ್ಲ ಬಿಡಿಸಿ ಹೇಳಿದಳು. ಅಣ್ಣಿಗೇರಿ ದಾಟುವಷ್ಟರಲ್ಲಿ ನನಗೆ ತಿಳಿಯಿತು. ಕನ್ನಡದಲ್ಲಿ ಇದನ್ನು ಯಾರೂ ಸರಿಯಾಗಿ ಬರೆದದ್ದು ನಾನು ನೋಡಿಲ್ಲ. ಅದಕ್ಕೆ ನನಗೆ ತಿಳಿದ ಹಾಗೆ ಬರೆಯುತ್ತೇನೆ.

ನಮ್ಮ ಪ್ರೆಸ್ಸಿನ ಕೆಲಸವನ್ನೇ ತೆಗೆದುಕೊಳ್ಳಿ. ನಾನು ಪುಟ ಕಟ್ಟಿ ಕೊಡಬೇಕು, ಆಮೇಲೆ ಆಫ್‌ಸೆಟ್ ಮಷಿನ್ ಅಚ್ಚು ಹಾಕಬೇಕು. ಮಷಿನ್ ಗಂಟೆಗೆ ಸಾವಿರಗಟ್ಟಲೆ ಹಾಳೆ ಹೊಡೆಯಬಹುದು. ನಾನು ಪುಟ ಕಟ್ಟುವುದು ತಡ ಆದರೆ ಅದು ಸುಮ್ನೆ ನಿಂತಿರುತ್ತದೆ. ಆಟದಲ್ಲಿ ಪುಟ ಕಟ್ಟುವುದು ಪ್ರೊಸೆಸರ್. ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಗುಲಿತು, ಬಾಗಿಲು ತೆರೆಯಿತೋ ಇಲ್ಲವೋ, ಎಲ್ಲ ಅದೇ ಲೆಕ್ಕ ಹಾಕಬೇಕು. ಗ್ರಾಫಿಕ್ಸ್ ಕಾರ್ಡ್ ಅದನ್ನು ಚಿತ್ರ ಮಾಡಿ ಪರದೆಗೆ ಕಳಿಸುತ್ತದೆ. ಸೆಕೆಂಡಿಗೆ 60 ಚಿತ್ರ ಬೇಕು ಅಂದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಸೆಕೆಂಡಿನ ಅರವತ್ತನೇ ಒಂದು ಭಾಗ. ಅಷ್ಟರೊಳಗೆ ಪ್ರೊಸೆಸರ್ ಲೆಕ್ಕ ಮುಗಿಸದಿದ್ದರೆ ಎಷ್ಟು ದೊಡ್ಡ ಕಾರ್ಡ್ ಇದ್ದರೂ ಕಾಯುತ್ತಲೇ ಕೂರುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಇದೇ. ಆಟ ನಡೆಯುವಾಗ ಪರದೆಯ ಮೂಲೆಯಲ್ಲಿ ಅಂಕಿ ಬರುವ ಹಾಗೆ ಮಗಳು ಮಾಡಿದಳು. ಪ್ರೊಸೆಸರ್ 100 ಪರ್ಸೆಂಟ್ ದುಡಿಯುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ 45 ದಾಟುತ್ತಿರಲಿಲ್ಲ. ಇನ್ನೂ ಒಂದು ಪರೀಕ್ಷೆ ಇದೆ. ಆಟದ ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ ಕಡಿಮೆ ಮಾಡಿ ನೋಡಬೇಕು. ಚಿತ್ರ ಸಣ್ಣದಾದರೆ ಕಾರ್ಡಿಗೆ ಕೆಲಸ ಕಡಿಮೆ. ಆಗ ಸೆಕೆಂಡಿಗೆ ಬರುವ ಚಿತ್ರ, ಅಂದರೆ ಫ್ರೇಮ್, ಜಾಸ್ತಿ ಆದರೆ ತೊಂದರೆ ಕಾರ್ಡಿನದು. ಮೊದಲಿನಷ್ಟೇ ಇದ್ದರೆ ಹೆಚ್ಚಾಗಿ ಪ್ರೊಸೆಸರಿನದು. ನಮ್ಮಲ್ಲಿ ಒಂದು ಫ್ರೇಮೂ ಏರಲಿಲ್ಲ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹೊಸ ಕಾರ್ಡಿಗೆ ದುಡ್ಡು ಹಾಕುವ ಮೊದಲು ಪ್ರತಿಯೊಂದು ಮನೆಯಲ್ಲೂ ಇದನ್ನು ಮಾಡಿ ನೋಡಬೇಕು.

2200ಜಿ ಯಾಕೆ ಸೋತಿತು ಅಂದರೆ ಅದರಲ್ಲಿ ನಾಲ್ಕೇ ಕೋರ್, ನಾಲ್ಕೇ ಥ್ರೆಡ್. ಕೋರ್ ಅಂದರೆ ಲೆಕ್ಕ ಹಾಕುವ ಕೈ, ಥ್ರೆಡ್ ಅಂದರೆ ಒಂದೇ ಹೊತ್ತಿಗೆ ಹಿಡಿಯಬಲ್ಲ ಕೆಲಸ. ಎಲ್3 ಕ್ಯಾಶ್ 4 ಎಂಬಿ. ಅಪ್ಪನ ಮೊಳೆ ಪೆಟ್ಟಿಗೆ ನೆನಪಾಗುತ್ತದೆ ನನಗೆ. ಜಾಸ್ತಿ ಬೇಕಾಗುವ ಅಕ್ಷರಗಳ ಖಾನೆ ಕೈಗೆ ಹತ್ತಿರ ಇರುತ್ತಿತ್ತು. ಅಪರೂಪದ ಒತ್ತಕ್ಷರಗಳು ದೂರ. ಹತ್ತಿರದ ಖಾನೆ ಖಾಲಿಯಾದರೆ ಅಪ್ಪ ಎದ್ದು ಕಪಾಟಿಗೆ ಹೋಗಬೇಕು, ಕೆಲಸ ನಿಲ್ಲುತ್ತಿತ್ತು. ಕ್ಯಾಶ್ ಅಂದರೆ ಕೈಗೆ ಹತ್ತಿರದ ಖಾನೆ, ರ‍್ಯಾಮ್ ಅಂದರೆ ಕಪಾಟು. ನಾವು ಕೊನೆಗೆ ತಂದ ರೈಜನ್ 5 5600ರಲ್ಲಿ ಆರು ಕೋರ್, ಹನ್ನೆರಡು ಥ್ರೆಡ್, 32 ಎಂಬಿ ಎಲ್3 ಕ್ಯಾಶ್. ಅದೇ ಸಾಕೆಟ್‌ಗೆ 2022ರಲ್ಲಿ ಬಂದ 5800ಎಕ್ಸ್3ಡಿಯಲ್ಲಿ 96 ಎಂಬಿ ಇದೆ. ಆಟ ಆಡುವವರು ಅದಕ್ಕೆ ಅಷ್ಟು ಆಸೆ ಪಡುವುದು ಈ ಕಾರಣಕ್ಕೆ. ನಮಗೆ ಅಷ್ಟೆಲ್ಲ ಬೇಕಿರಲಿಲ್ಲ.

ಹುಬ್ಬಳ್ಳಿಯ ಹುಡುಗ ‘ಏನೂ ಬರಂಗಿಲ್ಲ’ ಅಂದನಲ್ಲ, ಅದು ಸುಳ್ಳು. ಗೊತ್ತಿದ್ದು ಹೇಳಿದನೋ ಗೊತ್ತಿಲ್ಲದೆ ಹೇಳಿದನೋ, ನನಗೆ 52,000ದ ಪ್ರಶ್ನೆ ಅದು. ನಮ್ಮ ಬಿ450 ಬೋರ್ಡಿನ ಸಾಕೆಟ್ ಹೆಸರು ಎಎಂ4. 2017ರಲ್ಲಿ ಬಂದ ಮೊದಲ ರೈಜನ್ ಕೂತದ್ದು ಅದರಲ್ಲೇ. 2022ರ 5600 ಕೂರುವುದೂ ಅದರಲ್ಲೇ. ಬಯೋಸ್, ಅಂದರೆ ಬೋರ್ಡಿನೊಳಗಿದ್ದು ಕಂಪ್ಯೂಟರ್ ಶುರು ಮಾಡುವ ಪ್ರೋಗ್ರಾಂ, ಹೊಸದು ಮಾಡಿದರೆ ಸಾಕು. ನಮ್ಮ 2200ಜಿ, ಈ 5600 ಎರಡೂ 65 ವ್ಯಾಟ್‌ನವು, ಅದಕ್ಕೆ ಕರೆಂಟ್ ಹಂಚುವ ನಮ್ಮ ಎಸ್‌ಎಂಪಿಎಸ್ಸೂ ಬದಲಾಗಬೇಕಿರಲಿಲ್ಲ. ಕ್ಯಾಬಿನೆಟ್, ರ‍್ಯಾಮ್, ಡಿಸ್ಕ್, ಕಾರ್ಡ್, ಎಲ್ಲ ಇದ್ದದ್ದೇ. ಬದಲಾಗಬೇಕಾಗಿದ್ದು ಅಂಗೈಯಲ್ಲಿ ಹಿಡಿಯುವ ಒಂದು ವಸ್ತು ಮಾತ್ರ.

ಇಂಟೆಲ್‌ನಲ್ಲಿ ಇಷ್ಟು ಉದ್ದ ದಾರಿ ಇಲ್ಲ. ಆರು ಮತ್ತು ಏಳನೇ ಪೀಳಿಗೆ ಒಂದು ಜೊತೆ. ಎಂಟು, ಒಂಬತ್ತು ಒಂದು ಜೊತೆ. ಇವು ನಾಲ್ಕಕ್ಕೂ ಸಾಕೆಟ್ ಹೆಸರು 1151 ಅಂತಲೇ ಇದೆ, ಆದರೂ ಒಂದರ ಬೋರ್ಡಿನಲ್ಲಿ ಇನ್ನೊಂದು ನಡೆಯುವುದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಹತ್ತು, ಹನ್ನೊಂದು ಒಂದು ಜೊತೆ. ಹನ್ನೆರಡು, ಹದಿಮೂರು, ಹದಿನಾಲ್ಕು ಒಂದೇ ಸಾಕೆಟ್. ನಿಮ್ಮ ಮನೆಯಲ್ಲಿ ಹನ್ನೆರಡನೇ ಪೀಳಿಗೆಯ ಐ3 ಇದ್ದರೆ ಅದೇ ಬೋರ್ಡಿಗೆ ದೊಡ್ಡದು ಹಾಕಲು ಇನ್ನೂ ಅವಕಾಶ ಇದೆ. ಲ್ಯಾಪ್‌ಟಾಪ್ ಇದ್ದವರು ಮಾತ್ರ ಈ ಆಸೆ ಬಿಡಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ.

ಇದೆಲ್ಲ ತಿಳಿಯಬೇಕಾದರೆ ಪೂರ್ತಿ ನಂಬರ್ ಬೇಕು. ಐ5 ಎಂಬ ಹೆಸರು 2009ರಿಂದ ಇದೆ. ಐ5 3470 ಅಂದರೆ ಮೂರನೇ ಪೀಳಿಗೆ, 2012ರದು, ನಾಲ್ಕು ಕೋರ್. ಐ5 12400 ಅಂದರೆ ಹನ್ನೆರಡನೇ ಪೀಳಿಗೆ, ಆರು ಕೋರ್, ಹನ್ನೆರಡು ಥ್ರೆಡ್. ಎರಡಕ್ಕೂ ಜಾಹೀರಾತಿನಲ್ಲಿ ‘ಐ5’ ಅಂತಲೇ ಹಾಕುತ್ತಾರೆ. ‘2012ರ ಮಾಡೆಲ್’ ಅಂತ ಹಾಕದೆ ಸುಮ್ನೆ ‘ಕಾರು ಮಾರಾಟಕ್ಕಿದೆ’ ಅಂದರೆ ನೀವು ಕೊಳ್ಳುತ್ತೀರಾ?

ನಂಬರಿನ ಕೊನೆಯ ಅಕ್ಷರವೂ ಅಷ್ಟೇ ಮುಖ್ಯ. 12400ರಲ್ಲಿ ಒಳಗೇ ಗ್ರಾಫಿಕ್ಸ್ ಇದೆ, 12400ಎಫ್‌ನಲ್ಲಿ ಇಲ್ಲ. ರೈಜನ್ 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ನಮ್ಮಲ್ಲಿ ಬೇರೆ ಕಾರ್ಡ್ ಇತ್ತು, ಆದ್ದರಿಂದ 5600 ತಂದೆವು. ಕಾರ್ಡ್ ಇಲ್ಲದವರು ನಮ್ಮನ್ನು ನೋಡಿ ಅದನ್ನೇ ತಂದರೆ ಪರದೆ ಮೇಲೆ ಏನೂ ಬರುವುದಿಲ್ಲ. 5500 ಅಂತ ಒಂದಿದೆ, ಬೆಲೆ ಸ್ವಲ್ಪ ಕಡಿಮೆ, ಆದರೆ ಎಲ್3 ಕ್ಯಾಶ್ 16 ಎಂಬಿ ಅಷ್ಟೇ. ಒಂದು ಅಂಕಿಯಲ್ಲಿ ಅರ್ಧ ಖಾನೆ ಹೋಗುತ್ತದೆ. ನಮ್ಮ 2200ಜಿಯದೂ ಇದೇ ಕಥೆ. ಹೆಸರು 2000 ಸಾಲಿನದು, ಒಳಗಿನ ವಿನ್ಯಾಸ ಮೊದಲ ಪೀಳಿಗೆಯದು. ವಿಂಡೋಸ್ 11ರ ಪಟ್ಟಿಯಲ್ಲಿ ರೈಜನ್ 2600 ಇದೆ, 2200ಜಿ ಇಲ್ಲ.

ಡಿಟಿಪಿ ಮಾಡುವ ನನಗೆ ಇದು ಬಹಳ ಬೇಗ ಮನಸ್ಸಿಗೆ ಹಿಡಿಯಿತು. ಲಗ್ನಪತ್ರಿಕೆಯಲ್ಲಿ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. 500 ಕಾರ್ಡ್ ಮತ್ತೆ ಅಚ್ಚು ಹಾಕಿಸಿಕೊಟ್ಟವಳು ನಾನು.

ಪ್ರೊಸೆಸರಿಗೆ ಜಿಎಸ್‌ಟಿ ಸೇರಿ 9,800 ಆಯಿತು. ಬೇರೆ ಅಂಗಡಿ, ಬಿಲ್ಲಿನ ಮೇಲೆ ಪೂರ್ತಿ ನಂಬರ್ ಇತ್ತು. ಪೆಟ್ಟಿಗೆಯೊಳಗೆ ಪ್ರೊಸೆಸರ್ ತಣ್ಣಗಿಡುವ ಕೂಲರ್ ಬಂದಿತ್ತು, ಅದರ ತಳಕ್ಕೆ ಶಾಖ ದಾಟಿಸುವ ಪೇಸ್ಟೂ ಹಚ್ಚಿಯೇ ಇತ್ತು. ಮಗಳ ಗೆಳತಿಯ ಹತ್ತಿರ ಸುಮ್ನೆ ಬಿದ್ದಿದ್ದ 8 ಜಿಬಿ ರ‍್ಯಾಮ್ ಪಟ್ಟಿ ಒಂದು ಸಿಕ್ಕಿತು. ಒಂದೇ ಪಟ್ಟಿಗಿಂತ ಎರಡು ಪಟ್ಟಿ ಇದ್ದರೆ ಆಟಕ್ಕೆ ಒಳ್ಳೆಯದು, ಪ್ರೊಸೆಸರಿಗೆ ಎರಡು ಬಾಗಿಲಿನಿಂದ ಮಾಲು ಬಂದ ಹಾಗೆ.

ದೀಪಾವಳಿ ಪಾಡ್ಯ ಮುಗಿದ ಮೇಲೆ ಒಂದು ಮುಂಜಾನೆ ಕೆಲಸಕ್ಕೆ ಕೂತೆವು. ಮೊದಲು ಬಯೋಸ್. ಹಳೆಯ ಪ್ರೊಸೆಸರ್ ಇರುವಾಗಲೇ ಇದನ್ನು ಮಾಡಬೇಕು. ಹೊಸದನ್ನು ಕೂರಿಸಿದ ಮೇಲೆ ಹಳೆಯ ಬಯೋಸ್‌ಗೆ ಅದರ ಗುರುತು ಸಿಗುವುದಿಲ್ಲ. ಬೋರ್ಡ್ ಮಾಡಿದ ಕಂಪನಿಯ ತಾಣದಿಂದ ನಮ್ಮ ಬೋರ್ಡಿನದೇ ಫೈಲ್ ಇಳಿಸಿ ಪೆನ್ ಡ್ರೈವ್‌ಗೆ ಹಾಕಿದ್ದೆವು. ಈ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಅಂಗಡಿಯ ಯುಪಿಎಸ್ ಬ್ಯಾಟರಿ ಹಿಂದಿನ ವಾರವೇ ಬದಲಿಸಿದ್ದೆ. ಆದರೂ ಪರದೆ ಮೇಲಿನ ಪಟ್ಟಿ ತುಂಬುವವರೆಗೆ ನಾನು ಸ್ವಿಚ್ಚಿನ ಹತ್ತಿರವೇ ನಿಂತಿದ್ದೆ, ಯಾರೂ ಕೈ ಹಾಕಬಾರದು ಅಂತ. ನಾಲ್ಕೈದು ನಿಮಿಷ. ಮನೆಯವರು ಚಹಾ ತಂದು ಕೈಯಲ್ಲಿ ಹಿಡಿದುಕೊಂಡೇ ನಿಂತರು.

ಆಮೇಲೆ ಮಷಿನ್ ಆಫ್ ಮಾಡಿ, ವಯರ್ ಕಿತ್ತು, ಮೇಜಿನ ಮೇಲೆ ಮಲಗಿಸಿದೆವು. ಒಳಗೆ ನಮ್ಮ ಗದಗಿನ ಧೂಳು. ಫ್ಯಾನಿನ ರೆಕ್ಕೆಯ ಮೇಲೆ ಕೆಂಪಗೆ ಪದರ ಕಟ್ಟಿತ್ತು. ಪೇಂಟಿಂಗ್ ಬ್ರಷ್‌ನಿಂದ ಝಾಡಿಸಿದೆ. ಮಗಳು ಕೂಲರ್‌ನ ನಾಲ್ಕು ಸ್ಕ್ರೂ ಬಿಚ್ಚಿ ಮೇಲಕ್ಕೆ ಎತ್ತಿದಳು. ಅದು ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದಳು. ಟಕ್ ಅಂತ ಬಂತು. ಕೂಲರ್ ತಿರುಗಿಸಿ ನೋಡಿದರೆ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಬಂದಿದೆ! ಸಾಕೆಟ್‌ನ ಲಿವರ್ ಇನ್ನೂ ಹಾಕಿದ ಹಾಗೇ ಇತ್ತು. ಆರು ವರ್ಷದ ಪೇಸ್ಟ್ ಒಣಗಿ ಸುಣ್ಣದ ಹಾಗೆ ಹಿಡಿದಿತ್ತು. ಮಗಳ ಮುಖ ಬೆಳ್ಳಗಾಯಿತು.

ಎಎಂ4ನಲ್ಲಿ ಇದು ಆಗುವಂಥದ್ದೇ ಅಂತ ಆಮೇಲೆ ತಿಳಿಯಿತು. ಬಿಚ್ಚುವ ಮೊದಲು ಕಂಪ್ಯೂಟರನ್ನು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಬೇಕು. ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ನೇರ ಎಳೆಯಬಾರದು, ಕೂಲರನ್ನು ಆಚೆ ಈಚೆ ಮೆಲ್ಲಗೆ ತಿರುಗಿಸಿ ಸಡಿಲ ಮಾಡಬೇಕು. ಓದುಗರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಲಿ.

ಸಾಕೆಟ್‌ಗೆ ಏನೂ ಆಗಿರಲಿಲ್ಲ. ಹಳೆಯ ಪ್ರೊಸೆಸರಿನ ಒಂದು ಮೂಲೆಯಲ್ಲಿ ಎರಡು ಪಿನ್ ಬಾಗಿದ್ದವು. ಎಎಂ4 ಪ್ರೊಸೆಸರಿನ ಹೊಟ್ಟೆಯಲ್ಲಿ 1331 ಪಿನ್ ಇರುತ್ತವೆ, ಒಂದೊಂದೂ ಕೂದಲಿನಷ್ಟು. ಲಗ್ನಪತ್ರಿಕೆಯ ಅಂಚು ಕತ್ತರಿಸಲು ನನ್ನ ಹತ್ತಿರ ತೆಳ್ಳನೆಯ ಸ್ಟೀಲ್ ಬ್ಲೇಡ್ ಇದೆ. ಅದರ ಬೆನ್ನನ್ನು ಎರಡು ಸಾಲಿನ ನಡುವೆ ಇಳಿಸಿ, ಮೇಜಿನ ದೀಪದ ಕೆಳಗೆ ಹಿಡಿದು, ಪಿನ್ನನ್ನು ಒಂದಿಷ್ಟೇ ಎತ್ತಿದೆ. ನಿಂತು ನೋಡಿದೆ. ಇನ್ನೊಂದಿಷ್ಟು ಎತ್ತಿದೆ. ಒಮ್ಮೆಲೇ ಎತ್ತಿದರೆ ಮುರಿಯುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದು ಸಾಲಿನುದ್ದಕ್ಕೂ ನೋಡಿದಾಗ, ಚೆನ್ನಾಗಿ ಜೋಡಿಸಿದ ಮೊಳೆಯ ಸಾಲಿನ ಹಾಗೆ ಒಂದು ಗೆರೆಯಲ್ಲಿ ಬಂದಿದ್ದವು. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಪ್ಪನ ಕೈ ನೆನಪಾಯಿತು.

ಹೊಸದನ್ನು ಕೂರಿಸುವುದು ಸುಲಭ. ಮೂಲೆಯಲ್ಲಿ ಬಂಗಾರದ ಬಣ್ಣದ ತ್ರಿಕೋನ ಇರುತ್ತದೆ, ಸಾಕೆಟ್‌ನಲ್ಲೂ ಅದೇ ಗುರುತು ಇರುತ್ತದೆ. ಎರಡನ್ನೂ ಹೊಂದಿಸಿ ಬಿಟ್ಟರೆ ತಾನೇ ಇಳಿಯುತ್ತದೆ. ಒತ್ತಬಾರದು. ಲಿವರ್ ಹಾಕಿ, ಕೂಲರ್ ಕೂರಿಸಿ, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಆನ್ ಮಾಡಿದಾಗ ಒಂದು ನಿಮಿಷದವರೆಗೆ ಪರದೆ ಕಪ್ಪಗೇ ಇತ್ತು. ಆಮೇಲೆ ಬಿಳಿ ಅಕ್ಷರದಲ್ಲಿ, ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ ಮತ್ತೆ ಹೊಂದಿಸಬೇಕೇ, ವೈ ಅಥವಾ ಎನ್ ಒತ್ತಿ ಅಂತ ಬಂತು. ಎಫ್‌ಟಿಪಿಎಂ ಅಂದರೆ ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ, ಪ್ರೊಸೆಸರಿನೊಳಗೇ ಇರುವಂಥದ್ದು. ವೈ ಒತ್ತಿದೆವು. ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ವಿಂಡೋಸಿನ ಬೀಗ) ಹಾಕಿಕೊಂಡವರು ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಈ ಹಂತದಲ್ಲಿ ತಮ್ಮ ಫೈಲು ತಮಗೇ ಸಿಗದೆ ಹೋಗಬಹುದು. ನಮ್ಮಲ್ಲಿ ಅದು ಇರಲಿಲ್ಲ, ಆದರೂ ಗಿರಾಕಿಗಳ ಫೈಲನ್ನೆಲ್ಲ ಹಿಂದಿನ ರಾತ್ರಿ ಬೇರೆ ಡಿಸ್ಕಿಗೆ ಇಳಿಸಿದ್ದೆ.

ಆ ರಾತ್ರಿ ಮಗಳು ಆಡಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಆಟದಲ್ಲಿ ಹೊಗೆಬಾಂಬು ಬಿದ್ದ ಕೂಡಲೇ ಸೆಕೆಂಡಿಗೆ ಬರುವ ಫ್ರೇಮಿನ ಅಂಕಿ 30ರ ಕೆಳಗೆ ಇಳಿಯುತ್ತಿತ್ತು. ಈಗ 110ರ ಕೆಳಗೆ ಬರಲಿಲ್ಲ. ನಮ್ಮ ಮಾನಿಟರ್ 60 ಹರ್ಟ್ಸ್‌ನದು, ಸೆಕೆಂಡಿಗೆ 60 ಚಿತ್ರವೇ ತೋರಿಸುತ್ತದೆ, ನಿಜ. ಆದರೆ ಆ 60 ಈಗ ತಡವರಿಸದೆ ಬರುತ್ತವೆ. ಕಾರ್ಡ್ ಈಗ 95 ಪರ್ಸೆಂಟ್ ದುಡಿಯುತ್ತಿದೆ. ಅದೇ ಕಾರ್ಡ್, ಎರಡು ವರ್ಷ ಅರ್ಧ ಹೊಟ್ಟೆಯಲ್ಲಿ ಕೂತಿತ್ತು. ನನ್ನ ಕೆಲಸಕ್ಕೂ ಲಾಭ ಆಯಿತು. ಸ್ಮರಣ ಸಂಚಿಕೆಯೊಂದರ ಪಿಡಿಎಫ್ ಮಾಡಲು ನಾಲ್ಕು ನಿಮಿಷ ಹಿಡಿಯುತ್ತಿತ್ತು, ಈಗ ಒಂದೂವರೆ. ಬಯೋಸ್‌ನಲ್ಲಿ ಟಿಪಿಎಂ ಆನ್ ಮಾಡಿದ ಮೇಲೆ ವಿಂಡೋಸ್ 11 ಕೂಡ ತಕರಾರಿಲ್ಲದೆ ಕೂತಿತು. 52,000ದ ಕೆಲಸ 9,800ಕ್ಕೆ ಆಯಿತು.

ಹಳೆಯ 2200ಜಿ ಈಗ ಬೆಟಗೇರಿಯಲ್ಲಿದೆ. ಅಲ್ಲಿ ನಮ್ಮ ಪರಿಚಯದ ನೇಕಾರರ ಮನೆ ಇದೆ. ಹುಡುಗ ಹತ್ತನೇ ತರಗತಿ. 2018ರಲ್ಲಿ ಅವರಪ್ಪ ಸಾಲ ಮಾಡಿ ಕಂಪ್ಯೂಟರ್ ಕೊಡಿಸಿದ್ದರು. ಬಿಲ್ ತೋರಿಸಿ ಅಂದೆ. ‘ಗೇಮಿಂಗ್ ಕಂಪ್ಯೂಟರ್ – 1, 24,000’ ಅಂತ ಅಷ್ಟೇ ಬರೆದಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗಿದ್ದದ್ದು ಎಎಂಡಿ ಎ6 9500. ಎರಡೇ ಕೋರ್. ಪುಣ್ಯಕ್ಕೆ ಬೋರ್ಡ್ ಎ320, ಸಾಕೆಟ್ ಎಎಂ4. ಬಯೋಸ್ ನೋಡಿಕೊಂಡು, ಪಿನ್ ನೆಟ್ಟಗೆ ಮಾಡಿದ ಪ್ರೊಸೆಸರನ್ನು ಅದರಲ್ಲಿ ಕೂರಿಸಿದೆವು. ನಮಗೆ ಸಾಲದೇ ಹೋದದ್ದು ಅವನಿಗೆ ದೊಡ್ಡದಾಯಿತು. ಆ ಹುಡುಗ ಏಳು ವರ್ಷ ತನ್ನ ಕಂಪ್ಯೂಟರ್ ಯಾಕೆ ನಿಧಾನ ಅಂತ ತಿಳಿಯದೆ, ತನಗೇ ಆಡಲು ಬರುವುದಿಲ್ಲ ಅಂತ ತಿಳಿದುಕೊಂಡಿದ್ದ. ಇದು ನನಗೆ ಬಹಳ ನೋವಾಯಿತು. ಮಗ್ಗದ ಮುಂದೆ ಕೂತು ದುಡಿದ 24,000 ಅದು. ಮಾರಿದವರು ಏನು ಮಾರಿದೆವು ಅಂತ ಕಾಗದದ ಮೇಲೆ ಬರೆಯುವಷ್ಟೂ ಮಾಡಲಿಲ್ಲ.

2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಆದರೆ ಬಿಲ್ಲಿನಲ್ಲಿ ‘ಕಂಪ್ಯೂಟರ್ – 1’ ಅಂತ ಇದ್ದರೆ ಏನು ಹಿಡಿದುಕೊಂಡು ಹೋಗುವುದು?

ಸಂಪಾದಕರೇ, ನನ್ನ ಕೋರಿಕೆ ಎರಡು. ಕಂಪ್ಯೂಟರ್ ಜಾಹೀರಾತು ತೆಗೆದುಕೊಳ್ಳುವಾಗ ಪ್ರೊಸೆಸರಿನ ಪೂರ್ತಿ ನಂಬರ್ ಇಲ್ಲದಿದ್ದರೆ ಕೇಳಿ ಹಾಕಿಸಿ. ‘ಐ5’ ಬದಲು ‘ಐ5 12400ಎಫ್’ ಅಂತ ಹಾಕಲು ಎಷ್ಟು ಜಾಗ ಹೋಗುತ್ತದೆ ಅಂತ ನನಗೆ ಗೊತ್ತು. ಅದೇ ಸಾಲಿನಲ್ಲಿ ಹಿಡಿಯುತ್ತದೆ. ಹಳೆಯ ಮಾಲು ಮಾರುವುದು ತಪ್ಪಲ್ಲ, ಅದು ಹಳೆಯದು ಅಂತ ಕೊಳ್ಳುವವರಿಗೆ ತಿಳಿಯಬೇಕು ಅಷ್ಟೇ.

ಎರಡನೆಯದು. ನಾನು ಅಂಗಡಿಯಲ್ಲಿ ಒಂದು ಚೀಟಿ ಅಚ್ಚು ಹಾಕಿಸಿ ಇಟ್ಟಿದ್ದೇನೆ. ಕಂಪ್ಯೂಟರ್ ಕೊಳ್ಳಲು ಹೋಗುವವರಿಗೆ ದುಡ್ಡಿಲ್ಲದೆ ಕೊಡುತ್ತೇನೆ. ಪ್ರೊಸೆಸರಿನ ಪೂರ್ತಿ ನಂಬರ್, ಕೊನೆಯ ಅಕ್ಷರ ಸೇರಿ. ಅದು ಬಂದ ವರ್ಷ. ಮದರ್‌ಬೋರ್ಡ್ ಹೆಸರು, ಚಿಪ್‌ಸೆಟ್, ಸಾಕೆಟ್. ರ‍್ಯಾಮ್ ಎಷ್ಟು, ಎಷ್ಟು ಪಟ್ಟಿ. ಹೊಸದೋ ಬಳಸಿದ್ದೋ. ಕೆಳಗೆ ಅಂಗಡಿಯವರ ಸಹಿ. ಮನೆಯಲ್ಲಿ ಈಗಾಗಲೇ ಕಂಪ್ಯೂಟರ್ ಇದ್ದವರಿಗೆ ಹಿಂದಿನ ಪುಟದಲ್ಲಿ ಎರಡು ಸಾಲು ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ‘ಪರ್ಫಾರ್ಮೆನ್ಸ್’ ನೋಡಿದರೆ ಪ್ರೊಸೆಸರಿನ ನಂಬರ್ ಸಿಗುತ್ತದೆ. ಸರ್ಚ್‌ನಲ್ಲಿ ‘ಎಂಎಸ್‌ಇನ್ಫೋ32’ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಬೇಸ್‌ಬೋರ್ಡ್ ಅಂತ ಇರುವಲ್ಲಿ ಮದರ್‌ಬೋರ್ಡಿನದು ಸಿಗುತ್ತದೆ. ಮೊದಲು ಇದನ್ನು ಬರೆದುಕೊಂಡು ಆಮೇಲೆ ಅಂಗಡಿಗೆ ಹೋಗಲಿ.

ಆ ಚೀಟಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಓದುಗರು ಕತ್ತರಿಸಿ ಇಟ್ಟುಕೊಳ್ಳುವ ಹಾಗೆ ಒಂದು ದಿನ ಯಾವುದಾದರೂ ಮೂಲೆಯಲ್ಲಿ ಹಾಕಿ. ಎರಡು ಕಾಲಂ ಅಗಲ, ಆರು ಸೆಂಟಿಮೀಟರ್ ಎತ್ತರ ಸಾಕು. ಅಳತೆ ಮಾಡಿಯೇ ಕಟ್ಟಿದ್ದೇನೆ.

ಇಂತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗಳು
ಮುಳಗುಂದ ನಾಕಾ, ಗದಗ